ನಮ್ಮ ಅವ್ವಂದಿರ ಟೊಂಕ ಮುರಿದವರು ಯಾರು?

ಹಾಸ್ಟೆಲಿನಲ್ಲಿರುವ ನಿಮ್ಮಲ್ಲಿ ಎಷ್ಟು ಜನರ ಅವ್ವಂದಿರು ಬೆಳಿಗ್ಗೆ ಹಾಸಿಗೆಯಿಂದ ಒಮ್ಮೆಗೇ ಎದ್ದು ನಿಲ್ಲುತ್ತಾರೆ? ನಮ್ಮವ್ವ ನಿಲ್ಲುವುದಿಲ್ಲ. ಮೊದಲು ಮಗ್ಗುಲಾಗುತ್ತಾಳೆ. ಒಂದು ಕೈ ನೆಲಕ್ಕೆ ಊರುತ್ತಾಳೆ. ಮೊಣಕಾಲ ಮೇಲೆ ಬರುತ್ತಾಳೆ. ಆಮೇಲೆ ಗೋಡೆ ಹಿಡಿದು, 'ಯಪ್ಪಾ ಶಿವನ' ಅಂತ ಅರ್ಧ ಎದ್ದು, ಒಂದು ಗಳಿಗೆ ಹಾಗೇ ಬಾಗಿ ನಿಂತು, ಮತ್ತರ್ಧ ಏಳುತ್ತಾಳೆ. ಹೈಸ್ಕೂಲಿಗೆ ಹೋಗುವತನಕ ನಾನು ಹೆಣ್ಣುಮಕ್ಕಳೆಲ್ಲ ಹೀಗೇ ಏಳುತ್ತಾರೆ ಅಂತ ತಿಳಿದಿದ್ದೆ. ಯಾಕಂದ್ರ ನಮ್ಮ ಕೇರಿಯಾಗ ಎಲ್ಲಾರೂ ಹಂಗ ಏಳತಿದ್ರು.

ಒಂದು ದಿನ ಮಾಸ್ತರರ ಮನೆಗೆ ಪುಸ್ತಕ ತರಲು ಹೋದಾಗ ಅವರ ತಾಯಿಯನ್ನು ಕಂಡೆ. ಎಪ್ಪತ್ತು ದಾಟಿದ ಮುದುಕಿ. ಕಟ್ಟೆಯ ಮೇಲೆ ಕೂತಿದ್ದವರು ನನಗೆ ನೀರು ಕೊಡಲೆಂದು ಸಟ್ಟನೆ ಎದ್ದು ಒಳಗೆ ಹೋದರು. ನೀರು ಮೇಲಿನಿಂದ ಹೊಯ್ದರು, ಆ ಮಾತು ಬೇರೆ. ಆ ಹೊತ್ತು ನನ್ನ ಕಣ್ಣಿಗೆ ಬಿದ್ದದ್ದು ಅವರ ನೆಟ್ಟನೆಯ ಬೆನ್ನು. ನಮ್ಮವ್ವನಿಗೆ ಆಗ 42 ವರ್ಷ.

ಅವ್ವನನ್ನು ಪ್ಯಾಟಿ ಡಾಕ್ಟರ ಹತ್ತಿರ ಕರಕೊಂಡು ಹೋದೆ. ಅವರು ನೋಡಿದ್ದು ಎರಡು ನಿಮಿಷ. 'ವಯಸ್ಸಾತವ್ವಾ, ವಾಯು ಹಿಡದೈತಿ, ಭಾರ ಎತ್ತಬ್ಯಾಡ' ಅಂದರು. ಒಂದು ಸೂಜಿ, ಹತ್ತು ಗುಳಿಗೆ. ಭಾರ ಎತ್ತಬ್ಯಾಡ ಅಂದವರು, 'ನೀ ಏನ ಭಾರ ಎತ್ತತಿ?' ಅಂತ ಒಂದು ಮಾತು ಕೇಳಲಿಲ್ಲ. 1700ರಲ್ಲಿಯೇ ಇಟಲಿಯ ಬೆರ್ನಾರ್ದಿನೊ ರಾಮಾಝಿನಿ ಅನ್ನುವ ವೈದ್ಯ ಕೆಲಸಗಾರರ ರೋಗಗಳ ಮೇಲೆ ಒಂದು ದೊಡ್ಡ ಪುಸ್ತಕ ಬರೆದ. ರೋಗಿಗೆ ಕೇಳುವ ಪ್ರಶ್ನೆಗಳ ಜೊತೆಗೆ 'ನೀನು ಏನು ಕೆಲಸ ಮಾಡುತ್ತೀ?' ಅನ್ನುವ ಪ್ರಶ್ನೆಯನ್ನೂ ಸೇರಿಸಬೇಕೆಂದು ವೈದ್ಯರಿಗೆ ಹೇಳಿದ. ಮೂರು ನೂರು ವರ್ಷ ಮೀರಿತು. ಆ ಪ್ರಶ್ನೆ ಇನ್ನೂ ನಮ್ಮ ಕೇರಿಯ ಕಡೆ ಬಂದಿಲ್ಲ.

ಡಾಕ್ಟರು ಕೇಳದಿದ್ದರೆ ಬಿಡಲಿ, ನಾವಾದರೂ ಕೇಳೋಣ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕಿನ ನಮ್ಮ ಜನ ವರ್ಷವಿಡೀ ಏನು ಕೆಲಸ ಮಾಡುತ್ತಾರೆ? ಮುಂಗಾರಿನಲ್ಲಿ ತೊಗರಿ, ಹತ್ತಿ ಹೊಲದಲ್ಲಿ ಕಸ ತೆಗೆಯುವುದು. ಎತ್ತಿನ ಎಡೆಕುಂಟೆ ಸಾಲಿನ ನಡುವಿನ ಕಸ ತೆಗೆಯುತ್ತದೆ, ಅದನ್ನು ಗಂಡಸು ನಿಂತು ಹೊಡೆಯುತ್ತಾನೆ. ಗಿಡದ ಬುಡದಲ್ಲಿ ಉಳಿದದ್ದನ್ನು ಹೆಂಗಸರು ಕುರ್ಪಿ ಹಿಡಿದು, ತುದಿಗಾಲಲ್ಲಿ ಕೂತು, ಕೂತಲ್ಲೇ ಮುಂದೆ ಮುಂದೆ ಸರಿಯುತ್ತ ತೆಗೆಯಬೇಕು. ಹಿಂಗಾರಿನ ಬಿಳಿಜೋಳ ಬಂದಾಗ ಎರಿ ಹೊಲದಲ್ಲಿ ದಂಟನ್ನು ಬೇರುಸಮೇತ ಕೀಳಬೇಕು. ಬಾಗಬೇಕು, ಹಿಡಿಯಬೇಕು, ಜಗ್ಗಬೇಕು, ಹಾಕಬೇಕು. ಮತ್ತೆ ಬಾಗಬೇಕು. ಕಡಲೆ ಕೀಳುವುದೂ ಹೀಗೇ, ಉಳ್ಳಾಗಡ್ಡಿಯೂ ಹೀಗೇ. ಇಂಡಿ ಕಡೆ ಲಿಂಬಿ ತೋಟದಲ್ಲಿ ಮುಳ್ಳಿನ ಗಿಡದ ಕೆಳಗೆ ಬಗ್ಗಿ ಬಗ್ಗಿ ಉದುರಿದ ಕಾಯಿ ಆರಿಸುವುದು. ಆ ಲಿಂಬಿಗೆ ಈಗ ಜಿಐ ಮಾನ್ಯತೆ ಸಿಕ್ಕಿದೆ, ದೇಶಕ್ಕೆಲ್ಲ ಹೆಸರಾಗಿದೆ. ಆರಿಸುವವಳ ಟೊಂಕಕ್ಕೆ ಮಾತ್ರ ಯಾವ ಮಾನ್ಯತೆಯೂ ಸಿಕ್ಕಿಲ್ಲ.

ದೀಪಾವಳಿ ಆಯಿತೆಂದರೆ ಕಬ್ಬು. ಗಂಡ-ಹೆಂಡತಿ, ಕೂಸು-ಕುನ್ನಿ ಕಟ್ಟಿಕೊಂಡು ಗ್ಯಾಂಗಿನ ಟ್ರ್ಯಾಕ್ಟರ್ ಹತ್ತಿ ಸಾಂಗ್ಲಿ, ಕೊಲ್ಹಾಪುರದ ಕಡೆಗೋ ಬೆಳಗಾವಿ, ಬಾಗಲಕೋಟೆಯ ಕಡೆಗೋ ಹೋಗುತ್ತಾರೆ. ಮುಂಗಡ ಮೊದಲೇ ಮದುವೆಗೆ, ದವಾಖಾನೆಗೆ ಖರ್ಚಾಗಿರುತ್ತದೆ. ಕಬ್ಬನ್ನು ನೆಲಕ್ಕೆ ಹತ್ತಿಸಿಯೇ ಕಡಿಯಬೇಕು, ಬುಡದಲ್ಲಿ ಸಕ್ಕರೆ ಹೆಚ್ಚು. ಅಂದರೆ ನಡ ಪೂರ್ತಿ ಬಾಗಲೇಬೇಕು. ಕಡಿದು, ರವದಿ ತೆಗೆದು, ಹೊರೆ ಕಟ್ಟಿ, ತಲೆ ಮೇಲಿಟ್ಟುಕೊಂಡು ಹಲಗೆ ಹತ್ತಿ ಗಾಡಿಗೆ ಹಾಕಬೇಕು. ಕೂಲಿ ಟನ್ನಿನ ಲೆಕ್ಕ. ಒಂದು ಹೊರೆ 30 ಕಿಲೊ ಅಂತ ಹಿಡಿಯಿರಿ. ಒಂದು ಟನ್ನಿಗೆ 33 ಸಲ ಹಲಗೆ ಹತ್ತಿ ಇಳಿಯಬೇಕು. ಗಾಡಿ ರಾತ್ರಿ ಎರಡಕ್ಕೆ ಬಂದರೆ ರಾತ್ರಿ ಎರಡಕ್ಕೇ ಹತ್ತಬೇಕು. ಬಾಣಂತಿ ಇರಲಿ, ಮುಟ್ಟಾದವಳಿರಲಿ, ಟನ್ನು ಟನ್ನೇ.

ಇನ್ನು ಪೇಟೆಯಲ್ಲಿ ಹಮಾಲರು. ಪೌರಕಾರ್ಮಿಕರು ಗಿಡ್ಡ ಪೊರಕೆ ಹಿಡಿದು ಬೆಳಗಿನ ಜಾವ ಬಾಗಿದವರು ಎಂಟು ಗಂಟೆಗೆ ತಲೆ ಎತ್ತುತ್ತಾರೆ. ಟ್ರ್ಯಾಕ್ಟರ್ ಹೊಡೆಯುವ ನಮ್ಮ ಹುಡುಗರ ಟೊಂಕ ದಿನವಿಡೀ ಸೀಟಿನ ಮೇಲೆ ಕುಲುಕುತ್ತದೆ. ಕಲ್ಲು ಒಡೆಯುವವರದಂತೂ ಕೇಳಬ್ಯಾಡ್ರಿ.

ಈಗ ಮೈಯೊಳಗೆ ಏನಾಗುತ್ತದೆ ನೋಡೋಣ. ನಾನು ಬಿ.ಎ. ಓದಿದವನು, ವಿಜ್ಞಾನ ಹೇಳುವ ಅಧಿಕಾರ ನನಗೇನೂ ಇಲ್ಲ. ಆದರೆ ಇದು ತಕ್ಕಡಿ ಬಲ್ಲ ಯಾರಿಗೂ ತಿಳಿಯುವಂಥದು. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತನೆಯ ಬಿಲ್ಲೆಗಳಿವೆ, ಡಾಕ್ಟರು ಅದಕ್ಕೆ ಡಿಸ್ಕ್ ಅನ್ನುತ್ತಾರೆ. ಬಾಗಿ ಬುಟ್ಟಿ ಎತ್ತಿದಾಗ ಬುಟ್ಟಿ ಬೆನ್ನೆಲುಬಿನಿಂದ ಒಂದೂವರೆ ಅಡಿ ಮುಂದಿರುತ್ತದೆ. ಅದನ್ನು ಜಗ್ಗಿ ಹಿಡಿಯುವ ಬೆನ್ನಿನ ಸ್ನಾಯು ಬೆನ್ನೆಲುಬಿನಿಂದ ಬರೀ ಎರಡು ಇಂಚು ಹಿಂದೆ. ತಕ್ಕಡಿಯ ಒಂದು ಕೈ ಉದ್ದ, ಒಂದು ಕೈ ಗಿಡ್ಡ. ಬುಟ್ಟಿ 40 ಸೆಂಟಿಮೀಟರ್ ದೂರ, ಸ್ನಾಯು 5 ಸೆಂಟಿಮೀಟರ್ ದೂರ ಅಂದರೆ ಎಂಟು ಪಟ್ಟು. 20 ಕಿಲೊದ ಬುಟ್ಟಿಗೆ ಸ್ನಾಯು 160 ಕಿಲೊ ಎಳೆತ ಎಳೆಯಬೇಕು. ಮುಂದೆ ಬಾಗಿದ ಮೈಯ ಭಾರ ಬೇರೆ. ಇದೆಲ್ಲ ನಡುವಿನ ಆ ಬಿಲ್ಲೆಯ ಮೇಲೆ ಬೀಳುತ್ತದೆ. ಸ್ವೀಡನ್ನಿನ ಡಾಕ್ಟರ್ ಆಲ್ಫ್ ನಾಕೆಮ್ಸನ್ ಬಿಲ್ಲೆಯೊಳಗೇ ಸೂಜಿ ಇಳಿಸಿ ಒತ್ತಡ ಅಳೆದವರು. 1970ರ ದಶಕದಲ್ಲಿ ಅವರು ಕೊಟ್ಟ ಲೆಕ್ಕ ಇದು: ನೆಟ್ಟಗೆ ನಿಂತಾಗ ಒತ್ತಡ 100 ಇದ್ದರೆ ಮುಂದೆ ಬಾಗಿದಾಗ 150, ಭಾರ ಹಿಡಿದು ಬಾಗಿದಾಗ 220.

ಇನ್ನೊಂದು ಸಂಗತಿ ನನಗೆ ಬಹಳ ಕಾಡಿತು. ದೊಡ್ಡವರಾದ ಮೇಲೆ ಈ ಬಿಲ್ಲೆಗೆ ತನ್ನದೇ ಆದ ರಕ್ತನಾಳ ಹೆಚ್ಚುಕಡಿಮೆ ಇರುವುದೇ ಇಲ್ಲ. ಸುತ್ತಲಿನಿಂದ ಒಸರಿದ್ದನ್ನು ಹೀರಿಕೊಂಡು ಬದುಕುತ್ತದೆ. ಹಗಲು ಭಾರಕ್ಕೆ ನೀರು ಹಿಂಡಿಕೊಂಡು ತೆಳುವಾಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ನೀರು ಹೀರಿ ಉಬ್ಬುತ್ತದೆ. ಬೆಳಿಗ್ಗೆ ಇದ್ದದ್ದಕ್ಕಿಂತ ಸಂಜೆಗೆ ಮನುಷ್ಯ ಒಂದು ಸೆಂಟಿಮೀಟರಿನಷ್ಟು ಗಿಡ್ಡ ಆಗಿರುತ್ತಾನೆ. ಹಾಗಾದರೆ ರಾತ್ರಿ ಎರಡಕ್ಕೆ ಎಬ್ಬಿಸಿದ ಬೆನ್ನಿಗೆ ಏನು ಸಿಕ್ಕಿತು? ನಮ್ಮ ಜನರ ಕೂಲಿ ಕದ್ದದ್ದು ಲೆಕ್ಕದ ಬುಕ್ಕಿನಲ್ಲಿ ಹುಡುಕಿದರೆ ಸಿಗುತ್ತದೆ. ನಿದ್ದೆ ಕದ್ದದ್ದು ಯಾವ ಬುಕ್ಕಿನಲ್ಲೂ ಇಲ್ಲ.

'ದುಡದ್ರ ಮೈ ಗಟ್ಟಿ ಆಗತೈತಿ' ಅಂತ ಗೌಡರು ಹೇಳುತ್ತಾರೆ. ಆ ಮಾತು ಪೂರ್ತಿ ಸುಳ್ಳಲ್ಲ. ಮೈ ಆಡಿಸಿದರೆ ಎಲುಬು, ಸ್ನಾಯು ಗಟ್ಟಿಯಾಗುತ್ತವೆ. ಬೆನ್ನುನೋವಿಗೆ ವಾರಗಟ್ಟಲೆ ಮಲಗುವುದು ಔಷಧವಲ್ಲ, ಓಡಾಡಿಕೊಂಡಿರುವುದೇ ಒಳ್ಳೆಯದು ಅಂತ ಇವತ್ತಿನ ವೈದ್ಯರೂ ಹೇಳುತ್ತಾರೆ. ಆದರೆ ಜಿಮ್ಮಿನ ಹುಡುಗ ಸಾಕಾದಾಗ ಇಳಿಸುತ್ತಾನೆ, ಮೊಟ್ಟೆ ತಿನ್ನುತ್ತಾನೆ, ಮರುದಿನ ಬೇರೆ ಅಂಗಕ್ಕೆ ಕೆಲಸ ಕೊಡುತ್ತಾನೆ. ನಮ್ಮವ್ವ ಸಾಕಾದಾಗ ಇಳಿಸಿದರೆ ಸಾಲು ಹಿಂದೆ ಬೀಳುತ್ತದೆ. ಹಿಂದೆ ಬಿದ್ದರೆ ನಾಳೆ ಕರೆಯುವುದಿಲ್ಲ.

ಈಗ ಒಂದು ದೂರದ ಕತೆ ಹೇಳಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ. ಅಲ್ಲಿನ ದೊಡ್ಡ ದೊಡ್ಡ ಹೊಲಗಳಲ್ಲಿ ಕಸ ತೆಗೆಯುವವರು, ಸಸಿ ತೆಳು ಮಾಡುವವರು ಬಹುತೇಕ ಮೆಕ್ಸಿಕೊ ಮೂಲದ ಕೂಲಿಗಳು. ಅವರ ಕೈಗೆ ಮಾಲೀಕರು ಕೊಡುತ್ತಿದ್ದದ್ದು ಗಿಡ್ಡ ಕಾವಿನ ಗುದ್ದಲಿ. ಸ್ಪ್ಯಾನಿಷ್ ಮಾತಿನಲ್ಲಿ 'ಎಲ್ ಕೊರ್ತಿತೊ', ಅಂದರೆ 'ಗಿಡ್ಡದು'. ದಿನವಿಡೀ ನಡು ಮುರಿದು ಬಾಗದೆ ಅದರಲ್ಲಿ ಕೆಲಸ ಮಾಡಲು ಬರುವುದೇ ಇಲ್ಲ. ಉದ್ದ ಕಾವಿನ ಗುದ್ದಲಿ ಜಗತ್ತಿನಲ್ಲಿ ಇರಲಿಲ್ಲವೇ? ಇತ್ತು. ಬೇರೆ ರಾಜ್ಯಗಳ ಹೊಲಗಳಲ್ಲಿ ಅದನ್ನೇ ಬಳಸುತ್ತಿದ್ದರು. ಉದ್ದ ಕಾವಿನಿಂದ ಬೆಳೆ ಕೆಡುತ್ತದೆ ಅಂತ ಮಾಲೀಕರು ವಾದಿಸಿದರು. ಆದರೆ ಕೂಲಿಗಳಿಗೆ ಇನ್ನೊಂದು ಕಾರಣ ಗೊತ್ತಿತ್ತು. ಗಿಡ್ಡ ಗುದ್ದಲಿ ಇದ್ದರೆ ಯಾರು ಒಂದು ಗಳಿಗೆ ನೆಟ್ಟಗೆ ನಿಂತರು ಅನ್ನುವುದು ಮೇಸ್ತ್ರಿಗೆ ಹೊಲದ ಬದುವಿನಿಂದಲೇ ಕಾಣುತ್ತದೆ. ನಿಂತವನು ಕಳ್ಳ, ಬಾಗಿದವನು ಪ್ರಾಮಾಣಿಕ!

ಆ ಕೂಲಿಗಳು ಬಡವರ ವಕೀಲರನ್ನು ಹಿಡಿದು ಸರ್ಕಾರದ ಸುರಕ್ಷತಾ ಇಲಾಖೆಗೆ ಹೋದರು. ಸುರಕ್ಷಿತವಲ್ಲದ ಉಪಕರಣ ಕೊಡಬಾರದು ಅಂತ ಅಲ್ಲಿ ನಿಯಮವೇ ಇತ್ತು. ಡಾಕ್ಟರುಗಳು ಬಂದು ಈ ಗುದ್ದಲಿ ಬೆನ್ನು ಹಾಳು ಮಾಡುತ್ತದೆ ಅಂತ ಸಾಕ್ಷಿ ಹೇಳಿದರು. ಇಲಾಖೆ ಏನು ಹೇಳಿತು ಗೊತ್ತೇ? ಗುದ್ದಲಿಯಲ್ಲಿ ದೋಷವಿಲ್ಲ, ಮುರಿದಿಲ್ಲ, ಕಾವು ಸಡಿಲವಾಗಿಲ್ಲ, ಆದ್ದರಿಂದ ನಿಯಮ ಅನ್ವಯಿಸುವುದಿಲ್ಲ ಅಂತ. 1975ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಈ ವಾದ ಒಪ್ಪಲಿಲ್ಲ. ಉಪಕರಣ ಗಟ್ಟಿಮುಟ್ಟಾಗಿದ್ದರೂ, ಅದನ್ನು ಬಳಸಬೇಕಾದ ರೀತಿಯೇ ಮನುಷ್ಯನ ಮೈ ಕೆಡಿಸುವುದಾದರೆ ಅದೂ ಅಸುರಕ್ಷಿತವೇ ಅಂದಿತು. ಅದೇ ವರ್ಷ ಅಲ್ಲಿ ಗಿಡ್ಡ ಗುದ್ದಲಿಗೆ ನಿಷೇಧ ಬಂತು.

ಗೆಳೆಯರೇ, ಇದನ್ನು ಓದಿದ ದಿನ ನಾನು ಎದ್ದು ಹೋಗಿ ಅವ್ವನ ಕುರ್ಪಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಹಿಡಿ ಒಂದು ಗೇಣೂ ಇಲ್ಲ.

ನಮ್ಮಲ್ಲಿ ಕಾನೂನು ಯಾವುದನ್ನು ಗಾಯ ಅನ್ನುತ್ತದೆ? ಮಷೀನಿಗೆ ಸಿಕ್ಕು ಬೆರಳು ಹೋದರೆ ಗಾಯ. ಅದಕ್ಕೆ 1923ರ ನಷ್ಟಪರಿಹಾರ ಕಾಯ್ದೆಯ ಕಾಲದಿಂದಲೂ ಲೆಕ್ಕ ಉಂಟು, ಯಾವ ಬೆರಳಿಗೆ ಶೇಕಡಾ ಎಷ್ಟು ಅಂತ. ಇಪ್ಪತ್ತು ವರ್ಷ ಬಾಗಿ ಬಾಗಿ ಬೆನ್ನು ಹೋದರೆ ಅದಕ್ಕೆ ತಾರೀಖಿಲ್ಲ, ಸಾಕ್ಷಿಯಿಲ್ಲ, ಮಾಲೀಕನೂ ಒಬ್ಬನಲ್ಲ. ಇವತ್ತು ಈ ಹೊಲ, ನಾಳೆ ಆ ಹೊಲ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಕೆಲಸದಿಂದ ಬರುವ 29 ರೋಗಗಳ ಪಟ್ಟಿ ಮಾಡಿದ್ದರು. ಸೀಸದ ವಿಷ ಇತ್ತು, ಕಲ್ಲುಧೂಳಿನ ಸಿಲಿಕೋಸಿಸ್ ಇತ್ತು, ಕಿವುಡು ಇತ್ತು. ಟೊಂಕ ನೋವು ಅದರಲ್ಲಿ ಇರಲಿಲ್ಲ. ಹೊಲವಂತೂ ಕಾರ್ಖಾನೆಯೇ ಅಲ್ಲ. ಬಾಬಾಸಾಹೇಬರು 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಆ ಕಾಲದ ಕೊನೆಗೆ, 1946ರಲ್ಲಿ, ಕಾರ್ಖಾನೆಯ ದುಡಿಮೆ ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಆ ಗಡಿಯಾರ ಇನ್ನೂ ಎರಿ ಹೊಲದ ಬದುವಿಗೆ ಬಂದಿಲ್ಲ. ಭಾರದ ಮಾತಿಗೆ ಬಂದರೆ, ಒಬ್ಬ ವಯಸ್ಕ ಗಂಡಸು ಹೊರುವ ಭಾರ 55 ಕಿಲೊ ಮೀರಬಾರದು, ಹೆಂಗಸರಿಗೆ ಅದಕ್ಕಿಂತ ಸಾಕಷ್ಟು ಕಡಿಮೆ ಇರಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಶಿಫಾರಸು ಮಾಡಿತು. ಮುಂದಿನ ಸಲ ಅಡತಿ ಅಂಗಡಿ ಮುಂದೆ ಹೋದಾಗ ಹಮಾಲನ ಬೆನ್ನ ಮೇಲಿನ ಚೀಲದ ತೂಕ ಕೇಳಿ ನೋಡ್ರಿ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರದ ಮಾತು ಹೇಳದಿದ್ದರೆ ನಾನೂ ಆ ಡಾಕ್ಟರಷ್ಟೇ ಅವಸರದವನಾಗುತ್ತೇನೆ. ಕೀಲು ನೋವೆಲ್ಲ ದುಡಿಮೆಯಿಂದಲೇ ಬಂದದ್ದಲ್ಲ. ನಮ್ಮ ಜಿಲ್ಲೆಯ ಕೆಲವು ಕಡೆ ಬೋರವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲು ಕಂದುತ್ತದೆ, ಪ್ರಮಾಣ ಬಹಳವಾದರೆ ಎಲುಬಿಗೆ ಹತ್ತಿ ಕುತ್ತಿಗೆ, ಬೆನ್ನು ಕಟ್ಟಿಗೆಯ ಹಾಗೆ ಸೆಟೆಯುತ್ತದೆ. ನಮ್ಮ ದೇಶದಲ್ಲಿ ಇದನ್ನು ವೈದ್ಯರು 1937ರಲ್ಲೇ ನೆಲ್ಲೂರಿನ ಹಳ್ಳಿಗಳಲ್ಲಿ ಕಂಡು ಬರೆದರು. ಇದರಲ್ಲೂ ಜಾತಿ-ವರ್ಗ ಇಲ್ಲವೆಂದು ತಿಳಿಯಬೇಡಿ. ಬಿಸಿಲಲ್ಲಿ ಬೆವರು ಸುರಿಸುವವರು ಹೆಚ್ಚು ನೀರು ಕುಡಿಯುತ್ತಾರೆ. ಶುದ್ಧ ನೀರಿನ ಘಟಕ ಊರಲ್ಲಿದ್ದರೂ ಹೊಲದಲ್ಲಿ ಕುಡಿಯುವುದು ಬೋರಿನ ನೀರನ್ನೇ.

ಹಂದಿಗೋಡಿನ ಹೆಸರನ್ನು ಹಿರಿಯರ ಬಾಯಲ್ಲಿ ಕೇಳಿರಬಹುದು. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಊರು. 1975ರ ಆಸುಪಾಸಿನಲ್ಲಿ ಅಲ್ಲಿ ಛಲವಾದಿ, ಚನ್ನಂಗಿ ಜನರ ಸೊಂಟ, ಮೊಣಕಾಲು ನೋವಿಗೆ ಸಿಕ್ಕವು. ಕೆಲವರು ತೆವಳುವಂತಾದರು, ಕೆಲವರು ಕುಳ್ಳಾಗಿಯೇ ಉಳಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದರು. ರಕ್ತ ತೆಗೆದರು, ಎಕ್ಸರೇ ತೆಗೆದರು. ಗದ್ದೆಗೆ ಹೊಡೆದ ಕೀಟನಾಶಕದಲ್ಲಿ ಸತ್ತ ಏಡಿಗಳನ್ನು ತಿಂದದ್ದೇ ಕಾರಣ ಅನ್ನುವ ಅನುಮಾನ ಎದ್ದಿತು. ಆಮೇಲಿನ ಸಂಶೋಧನೆಗಳು ವಂಶವಾಹಿಯ ದೋಷದ ಕಡೆಗೆ, ಸಣ್ಣ ಸಮುದಾಯದೊಳಗೇ ಆಗುವ ಮದುವೆಗಳ ಕಡೆಗೆ ಬೆರಳು ತೋರಿಸಿದವು. ನನಗೆ ಇದರಿಂದ ತಿಳಿದದ್ದು, ಕಾರಣ ಹುಡುಕುವುದು ತಾಳ್ಮೆಯ ಕೆಲಸ ಅಂತ. ಜೊತೆಗೆ ಇನ್ನೂ ಒಂದು: ಏಡಿ ತಿಂದದ್ದಕ್ಕೆ ಆ ಜನರನ್ನು ಬೈದವರು, ಏಡಿ ಯಾಕೆ ತಿಂದರು ಅಂತ ಕೇಳಲಿಲ್ಲ.

ಟೊಂಕ ನೋವಿನ ಜೊತೆ ಸಂಜೆ ಜ್ವರ, ಮೈ ಇಳಿಯುವುದು ಕಂಡರೆ ಅದು ಬೆನ್ನೆಲುಬಿನ ಟಿ.ಬಿ. ಇರಬಹುದು. ಸರ್ಕಾರಿ ದವಾಖಾನೆಯಲ್ಲಿ ಅದಕ್ಕೆ ಪುಕ್ಕಟೆ ಔಷಧ ಇದೆ, ಪೂರ್ತಿ ನುಂಗಿದರೆ ವಾಸಿಯಾಗುತ್ತದೆ. ಕಾಲು ಜೋಮು ಹಿಡಿದು ಬಲ ಹೋದರೆ, ಮೂತ್ರ ಕಟ್ಟಿದರೆ, ಅವತ್ತೇ ದೊಡ್ಡ ದವಾಖಾನೆಗೆ ಒಯ್ಯಬೇಕು. ಬರೆ ಎಳೆಯಿಸಿ ಕಾಯುತ್ತ ಕೂಡಬೇಡಿ. ಗುಳಿಗೆಯ ಮಾತೂ ಇಲ್ಲೇ ಹೇಳುತ್ತೇನೆ. ಕಿರಾಣಿ ಅಂಗಡಿಯ ನೋವಿನ ಗುಳಿಗೆಯನ್ನು ನಮ್ಮ ಹೆಂಗಸರು ಎಲೆ-ಅಡಿಕೆಯ ಹಾಗೆ ಸೆರಗಿನ ಗಂಟಲ್ಲಿ ಕಟ್ಟಿಕೊಂಡು ಹೋಗುತ್ತಾರೆ. ಡೈಕ್ಲೊಫೆನಾಕ್ ಜಾತಿಯ ಗುಳಿಗೆ ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ನೀರು ಕಡಿಮೆ ಕುಡಿದು ಬಿಸಿಲಲ್ಲಿ ದುಡಿಯುವವರಿಗೆ ಇನ್ನೂ ಬೇಗ. ಆ ಗುಳಿಗೆ ಬೆನ್ನನ್ನು ವಾಸಿ ಮಾಡುವುದಿಲ್ಲ, ನಾಳೆಯ ಪಗಾರಕ್ಕೆ ಬೆನ್ನನ್ನು ಎಬ್ಬಿಸಿ ಕಳಿಸುತ್ತದೆ, ಅಷ್ಟೇ.

2020ರಲ್ಲಿ ಜಗತ್ತಿನಲ್ಲಿ ಸುಮಾರು 61 ಕೋಟಿ 90 ಲಕ್ಷ ಜನರಿಗೆ ಟೊಂಕ ನೋವಿತ್ತು ಅಂತ ಒಂದು ದೊಡ್ಡ ಲೆಕ್ಕ ಹೇಳುತ್ತದೆ. ಮನುಷ್ಯರನ್ನು ಕೈಲಾಗದವರನ್ನಾಗಿ ಮಾಡುವ ಕಾರಣಗಳಲ್ಲಿ ಇದೇ ಮೊದಲನೆಯದು. ಇದರಲ್ಲಿ ಆಫೀಸಿನಲ್ಲಿ ಕೂತವರೂ ಇದ್ದಾರೆ, ಅವರ ನೋವೂ ನೋವೇ. ಆದರೆ ಅವರ ಕುರ್ಚಿಯ ಬೆನ್ನು ಹೇಗಿರಬೇಕು ಅಂತ ಕಂಪನಿಗಳು ಕಾಳಜಿ ಮಾಡುತ್ತವೆ. ಕುರ್ಪಿಯ ಹಿಡಿ ಹೇಗಿರಬೇಕು ಅಂತ ಯಾರು ಯೋಚಿಸಿದರು? ಕೃಷಿ ಮೇಳಗಳಲ್ಲಿ ನಿಂತು ತಳ್ಳುವ ಸೈಕಲ್ ಕುಂಟೆ ಇಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಕೊಳ್ಳುವವನ ಕೈಗೆ ಹೋಗುತ್ತದೆ, ಕೂಲಿಯವಳ ಕೈಗೆ ಬರುವುದಿಲ್ಲ.

ಬಸವನ ಬಾಗೇವಾಡಿ ಬಸವಣ್ಣ ಹುಟ್ಟಿದ ಊರು. ಅಲ್ಲಿ ವರ್ಷಕ್ಕೆ ಎಷ್ಟು ಸಲ ಕಾಯಕದ ಮೇಲೆ ಭಾಷಣ ಆಗುತ್ತವೋ ಲೆಕ್ಕವಿಲ್ಲ. ಕಾಯಕ ಅನ್ನುವ ಶಬ್ದದೊಳಗೇ ಕಾಯ ಇದೆ. ಭಾಷಣ ಮಾಡುವವರು ಆ ಕಾಯದ ಸುದ್ದಿ ಎತ್ತುವುದಿಲ್ಲ. ಭಾರ ಇಳಿಸುವುದು ಆಗದ ಮಾತೇ? 1970ರ ದಶಕದ ಮೊದಲಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಆಜ್ಞೆ ಮಾಡಿದರು. ಅದಕ್ಕೆ ಮೊದಲು ಎಷ್ಟು ತಲೆಮಾರು ಅದನ್ನು ಹಣೆಬರಹ ಅಂದಿದ್ದವು.

ರಜೆಗೆ ಊರಿಗೆ ಹೋಗುವವರು ಒಂದು ಕೆಲಸ ಮಾಡಿ. ನಿಮ್ಮ ಓಣಿಯಲ್ಲಿ ಮನೆಮನೆಗೆ ಹೋಗಿ ಕೇಳಿ: ಎಲ್ಲಿ ನೋಯುತ್ತದೆ, ಎಷ್ಟು ವರ್ಷದಿಂದ, ಏನು ಕೆಲಸ, ಎಷ್ಟು ತಾಸು, ಎಷ್ಟು ಭಾರ, ದಿನಕ್ಕೆ ಎಷ್ಟು ಗುಳಿಗೆ. ಕಬ್ಬಿನ ಹೊರೆಯನ್ನು ತೂಕಕ್ಕೆ ಹಾಕಿ. ಪುರಸಭೆಗೆ ಹೋಗಿ ಪೌರಕಾರ್ಮಿಕರಿಗೆ ಉದ್ದ ಕಾವಿನ ಪೊರಕೆ ಯಾಕಿಲ್ಲ ಅಂತ ಬರೆದು ಕೇಳಿ, ಉತ್ತರ ಬರೆದೇ ತನ್ನಿ. ಕೂಲಿಯ ಮಾತಾಡುವಾಗ ರೂಪಾಯಿಯ ಜೊತೆ ಹೊರೆಯ ತೂಕ, ನಡುವಿನ ಬಿಡುವು, ಕಾವಿನ ಉದ್ದ ಇವುಗಳ ಮಾತನ್ನೂ ಆಡಲಿ. ನಾಲ್ಕು ತಾಲ್ಲೂಕಿನ ಲೆಕ್ಕ ಒಟ್ಟಾದರೆ ಮುಂದಿನ ಸಭೆಯಲ್ಲಿ ಇಡೋಣ.

ನನ್ನ ಕುರ್ಪಿಯ ಕತೆ ಉಳಿಯಿತು. ಹಿಂದಿನ ಮಳೆಗಾಲದಲ್ಲಿ ನಮ್ಮೂರ ಕಮ್ಮಾರನಿಗೆ ಹೇಳಿ ಅಲಗು ಅಗಲ ಮಾಡಿಸಿ, ಬಡಿಗನ ಕಡೆಯಿಂದ ಅವ್ವನ ಎದೆಯ ಎತ್ತರದ ಕಾವು ಹಾಕಿಸಿದೆ. ಕಮ್ಮಾರ ನಕ್ಕ. ಮೊದಲು ಅವ್ವನೂ ನಕ್ಕಳು. ಎರಡು ದಿನ ಒಯ್ದಳು. ಗಿಡದ ಬುಡಕ್ಕೆ ಮಾತ್ರ ಕೂಡಬೇಕಾಯಿತು, ಉಳಿದದ್ದೆಲ್ಲ ನಿಂತೇ ಆಯಿತಂತೆ. ಎರಡನೇ ದಿನ ಸಂಜೆ ಗೋಡೆ ಹಿಡಿಯದೆ ಹೊಸ್ತಿಲು ದಾಟಿದಳು, ನಾನು ನೋಡಿದೆ. ಮೂರನೇ ದಿನ ಹೊಲದ ಮಾಲೀಕ ಬದುವಿನ ಮೇಲೆ ಬಂದು ನಿಂತ. 'ಏನಬೇ, ಇದೇನ್ ಹೊಲಾ ಕಾಯಾಕ ಬಂದೀಯೋ, ಕಸಾ ತಗ್ಯಾಕ ಬಂದೀಯೋ? ನಿಂತ ಕೆಲಸಾ ಮಾಡೋರು ನಮಗ ಬ್ಯಾಡ' ಅಂದ.

ಬೆನ್ನಿಗೆ ಹತ್ತು ಜನ ಹೆಂಗಸರಿದ್ದರು. ಯಾರೂ ತಲೆ ಎತ್ತಲಿಲ್ಲ. ಅವ್ವ ಮರುದಿನ ಹಳೆಯ ಕುರ್ಪಿ ಒಯ್ದಳು. 'ತಮ್ಮಾ, ಹತ್ತೂ ಮಂದಿ ಕೈಯಾಗ ಇಂಥಾವ ಇದ್ದಿದ್ರ ಅಂವ ಏನ್ ಮಾಡ್ತಿದ್ದ?' ಅಂತ ರಾತ್ರಿ ರೊಟ್ಟಿ ಬಡಿಯುತ್ತ ಕೇಳಿದಳು.

ಉದ್ದ ಕಾವಿನ ಕುರ್ಪಿ ನಮ್ಮ ಮನೆಯ ಜಂತಿಯಲ್ಲಿ ಸಿಗಿಸಿದೆ. ಕಮ್ಮಾರನಿಗೆ ಅಳತೆ ಗೊತ್ತು. ಇನ್ನು ಒಂಬತ್ತು ಮಾಡಿಸಲು ಎಷ್ಟಾಗುತ್ತದೆ ಅಂತ ಹೋದ ವಾರ ಕೇಳಿ ಬಂದಿದ್ದೇನೆ.